ಅಜ್ಜಿಯ ಪುಸ್ತಕದ ಆ ಪುಟ ಕಳಿಸು

ಬ್ರಿಸ್ಟಲ್, ಟೆನ್ನೆಸ್ಸೀ, ಅಮೆರಿಕ
ಭಾನುವಾರ ರಾತ್ರಿ

ಪ್ರೀತಿಯ ಅಮ್ಮ,

ನಾನು ಆರಾಮಾಗಿದ್ದೇನೆ. ಅಪ್ಪನ ಮಂಡಿ ನೋವು ಹೇಗಿದೆ? ದಿನಾ ಫೋನ್ ಮಾಡುವವಳು ಈಗ ಯಾಕೆ ಪತ್ರ ಬರೆದಳು ಅಂತ ಗಾಬರಿ ಆಗಬೇಡ. ಇವತ್ತು ಸಂಜೆ ನಡೆದದ್ದನ್ನು ಫೋನಿನಲ್ಲಿ ಹೇಳಲು ಹೋದರೆ ಇಬ್ಬರೂ ಅಳುತ್ತೇವೆ, ಮಾತು ಅಲ್ಲಿಗೇ ನಿಲ್ಲುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅಜ್ಜಿಯನ್ನು ಮಣ್ಣು ಮಾಡಿದ ದಿನ ನೀವೆಲ್ಲ ಮಳೆಯಲ್ಲಿ ಕೊಡೆ ಹಿಡಿದು ನಿಂತಿದ್ದಿರಿ. ನನಗಿಲ್ಲಿ ರಾತ್ರಿ ಪಾಳಿ. ವಾರ್ಡಿನ ಹೊರಗೆ ಬೆಂಚಿನ ಮೇಲೆ ಕೂತು ಫೋನಿನಲ್ಲಿ ನೋಡಿದೆ. ತಮ್ಮ ಹಿಡಿದಿದ್ದ ಫೋನಿಗೆ ನೀರು ಬಿದ್ದು ಎಲ್ಲ ಮಸುಕು. ಹಾಡು ಮಾತ್ರ ಕೇಳುತ್ತಿತ್ತು, ಅದೂ ತುಂಡು ತುಂಡಾಗಿ. ಅವತ್ತು ನನಗೆ ಅಳುವೇ ಬರಲಿಲ್ಲ ಅಮ್ಮ. ಎರಡು ತಿಂಗಳು ಬರಲಿಲ್ಲ. ಇವತ್ತು ಬಂತು.

ಪಕ್ಕದ ಮನೆಯ ಮುದುಕಿ ತಮ್ಮ ಚರ್ಚಿಗೆ ಕರೆದುಕೊಂಡು ಹೋಗಿದ್ದರು. ಗುಡ್ಡದ ಬುಡದಲ್ಲಿರುವ ಸಣ್ಣ ಮರದ ಕಟ್ಟಡ. ಪಾದ್ರಿಯ ಪ್ರಸಂಗ ಇಲ್ಲ, ಬರೀ ಹಾಡು. ಒಬ್ಬರು ಗಿಟಾರ್, ಒಬ್ಬರು ಬ್ಯಾಂಜೋ. ಸೇರಿದ್ದು ಮೂವತ್ತು ಜನ ಇರಬಹುದು, ಜಾಸ್ತಿ ವಯಸ್ಸಾದವರೇ. ಕೈಗೆ ಕೊಟ್ಟ ಪುಸ್ತಕದಲ್ಲಿ ಸ್ವರಗಳಿಗೆ ಒಂದೊಂದು ಆಕಾರ. ಸೋ ಅಂದರೆ ಉರುಟು, ಲಾ ಅಂದರೆ ಚೌಕ, ಮಿ ಅಂದರೆ ವಜ್ರದ ಹಾಗೆ. ಓದು ಬರಹ ಅಷ್ಟಕ್ಕಷ್ಟೇ ಇದ್ದ ರೈತರೂ ನಾಲ್ಕು ಧ್ವನಿಯಲ್ಲಿ ಹಾಡಲಿ ಅಂತ ಹತ್ತೊಂಬತ್ತನೇ ಶತಮಾನದಲ್ಲಿ ಇಲ್ಲಿ ಈ ಪದ್ಧತಿ ಹಬ್ಬಿತಂತೆ. ನನಗೆ ತಕ್ಷಣ ಚರ್ಚಿನಲ್ಲಿ ಅಪ್ಪನ ಹಾಡಿನ ಗುಂಪು, ಆ ಕ್ವಾಯರ್, ನೆನಪಾಯಿತು. ಹಳೆ ನೋಟ್‌ಬುಕ್ಕಿನಲ್ಲಿ ಡೋ ರೇ ಮಿ ಅಕ್ಷರ ಬರೆದುಕೊಂಡು, ಬೆರಳಲ್ಲಿ ತಾಳ ಹಾಕುತ್ತಾ ಟೆನರ್ ಕಲಿಸುತ್ತಿದ್ದರಲ್ವಾ? ಅಪ್ಪನಿಗೆ ಈ ಪುಸ್ತಕ ತೋರಿಸಬೇಕು.

ನಾಲ್ಕೈದು ಹಾಡು ಆದ ಮೇಲೆ ಒಬ್ಬ ತಾತ ಎದ್ದು ನಿಂತರು. ಕೈ ನಡುಗುತ್ತಿತ್ತು, ಪುಸ್ತಕ ತೆರೆಯಲೇ ಇಲ್ಲ. ಅವರು ಶುರು ಮಾಡಿದ್ದು 'ಕ್ಯಾನ್ ದ ಸರ್ಕಲ್ ಬಿ ಅನ್‌ಬ್ರೋಕನ್'. ಆ ಹಾಡಿನಲ್ಲಿ ಒಬ್ಬರು ಕಿಟಕಿ ಹತ್ತಿರ ನಿಂತಿದ್ದಾರೆ. ಮೋಡ ಮುಚ್ಚಿದ ಚಳಿ ದಿನ. ತಾಯಿಯನ್ನು ಒಯ್ಯಲು ಶವದ ಗಾಡಿ ಬರುತ್ತಿದೆ. ಗಾಡಿ ಹೊಡೆಯುವವನಿಗೆ, ನಿಧಾನ ಹೋಗಪ್ಪಾ, ನೀನು ಒಯ್ಯುತ್ತಿರುವುದು ನನ್ನ ಅಮ್ಮನನ್ನು ಅಂತ ಬೇಡಿಕೊಳ್ಳುತ್ತಾರೆ. ಆ ಸಾಲು ಬಂದಾಗ ನನ್ನ ಕೈಯಲ್ಲಿದ್ದ ಪುಸ್ತಕ ಒದ್ದೆಯಾಯಿತು. ಆಂಬುಲೆನ್ಸ್ ನಮ್ಮ ಗೇಟಿನ ತಿರುವಿನಲ್ಲಿ ಹೊರಳಿದ್ದು, ಅಪ್ಪ ಅದರ ಹಿಂದೆ ಬರಿಗಾಲಲ್ಲಿ ನಡೆದದ್ದು, ಎಲ್ಲ ಒಮ್ಮೆಗೇ ಕಣ್ಣ ಮುಂದೆ ಬಂತು. ಪಕ್ಕದ ಮುದುಕಿ ಏನೂ ಕೇಳಲಿಲ್ಲ. ನನ್ನ ಕೈ ಹಿಡಿದುಕೊಂಡು ಹಾಡುತ್ತಲೇ ಇದ್ದರು.

ಮನೆಗೆ ಬಂದು ಈ ಹಾಡಿನ ಬಗ್ಗೆ ಓದಿದೆ. ಮೂಲದಲ್ಲಿ ಇದು 1907ರ ಒಂದು ಕೀರ್ತನೆ. ಏಡಾ ಹ್ಯಾಬರ್ಶನ್ ಎಂಬ ಇಂಗ್ಲಿಷ್ ಹೆಂಗಸು ಬರೆದದ್ದು. ಪರಲೋಕದಲ್ಲಿ ನಮ್ಮ ಮನೆಯವರೆಲ್ಲ ಮತ್ತೆ ಒಟ್ಟಾಗುತ್ತೇವಾ ಅಂತ ಅದು ಕೇಳುತ್ತದೆ. 1935ರಲ್ಲಿ ಕಾರ್ಟರ್ ಎಂಬ ಹಾಡುಗಾರರ ಕುಟುಂಬ ಇದನ್ನು ರೆಕಾರ್ಡ್ ಮಾಡಿದಾಗ ಎ. ಪಿ. ಕಾರ್ಟರ್ ಪಲ್ಲವಿಯನ್ನು ಹೆಚ್ಚುಕಡಿಮೆ ಹಾಗೇ ಇಟ್ಟುಕೊಂಡು, ಚರಣಗಳಲ್ಲಿ ಈ ಶವದ ಗಾಡಿ, ಸಮಾಧಿ, ಅಮ್ಮನಿಲ್ಲದ ಮನೆ ಇವನ್ನೆಲ್ಲ ತಂದರು. ನನಗೆ ಈ ಬದಲಾವಣೆಯೇ ದೊಡ್ಡದು ಅನಿಸುತ್ತದೆ. ದುಃಖವನ್ನು ಬೇಗ ಮುಗಿಸಿ ಸಮಾಧಾನಕ್ಕೆ ಹಾರುವುದಿಲ್ಲ. ಮೊದಲು ಸಮಾಧಿಯವರೆಗೆ ನಮ್ಮ ಜೊತೆ ನಡೆದು ಬರುತ್ತದೆ. ಆಮೇಲೆ ಪಲ್ಲವಿ ಬಂದಾಗ ನಂಬಲು ಆಗುತ್ತದೆ. ತೀರಿಕೊಂಡ ಗೆಳೆಯ ಲಾಜರನ ಸಮಾಧಿ ಹತ್ತಿರ ಯೇಸು ಕೂಡ ಮೊದಲು ಅತ್ತದ್ದೇ ಅಲ್ವಾ?

ಈ ಕಾರ್ಟರ್ ಮನೆಯವರು ಇಲ್ಲೇ ಹತ್ತಿರದ ಕಣಿವೆಯವರು. ನಮ್ಮ ಊರಿನ ಸ್ಟೇಟ್ ಸ್ಟ್ರೀಟ್ ಬಗ್ಗೆ ಹೇಳಿದ್ದೆನಲ್ಲಾ, ರಸ್ತೆಯ ಒಂದು ಬದಿ ಟೆನ್ನೆಸ್ಸೀ, ಇನ್ನೊಂದು ಬದಿ ವರ್ಜೀನಿಯಾ ಅಂತ? 1927ರಲ್ಲಿ ರಾಲ್ಫ್ ಪಿಯರ್ ಎಂಬುವರು ಆ ರಸ್ತೆಯ ಒಂದು ಟೋಪಿ ಕಂಪನಿಯ ಕಟ್ಟಡದಲ್ಲಿ ಮೆಷಿನ್ ಇಟ್ಟು ಹಾಡು ರೆಕಾರ್ಡ್ ಮಾಡಿದರು. ಎ. ಪಿ., ಅವರ ಹೆಂಡತಿ ಸಾರಾ, ಸಾರಾಳ ತಂಗಿ ವರಸೆಯ ಮೇಬೆಲ್ ಆಗಸ್ಟಿನ ಸೆಕೆಯಲ್ಲಿ ಬಂದರು. ಮೇಬೆಲ್‌ಗೆ ಹದಿನೆಂಟು ವರ್ಷ, ತುಂಬು ಬಸುರಿ. ಸಾರಾಳ ಕಂಕುಳಲ್ಲಿ ಹಾಲು ಕುಡಿಯುವ ಕೂಸು. ಆ ಬಸುರಿ ಹೊಟ್ಟೆಗೆ ಗಿಟಾರ್ ಆನಿಸಿಕೊಂಡು ಮೇಬೆಲ್ ಹೆಬ್ಬೆರಳಲ್ಲಿ ದಪ್ಪ ತಂತಿಗಳ ಮೇಲೆ ರಾಗ ನುಡಿಸುತ್ತಿದ್ದಳು, ಉಳಿದ ಬೆರಳಲ್ಲಿ ತಾಳ. ಇವತ್ತಿಗೂ ಇಲ್ಲಿಯ ಮಕ್ಕಳು ಹಾಗೇ ಕಲಿಯುತ್ತಾರೆ.

ಇನ್ನೊಬ್ಬರ ಹೆಸರು ನಿನಗೆ ಹೇಳಲೇಬೇಕು. ಲೆಸ್ಲಿ ರಿಡಲ್. ಕಪ್ಪು ಜನಾಂಗದವರು. ಸಿಮೆಂಟ್ ಕಾರ್ಖಾನೆಯ ಅಪಘಾತದಲ್ಲಿ ಒಂದು ಕಾಲು ಕಳೆದುಕೊಂಡಿದ್ದರು. ಎ. ಪಿ. ಮನೆಮನೆ ಸುತ್ತಿ ಹಳೆ ಹಾಡು ಕೂಡಿಸುವಾಗ ಇವರೂ ಜೊತೆಗೆ ಹೋಗುತ್ತಿದ್ದರು. ಎ. ಪಿ. ಮಾತು ಬರೆದುಕೊಂಡರೆ ರಾಗವನ್ನು ನೆನಪಿಟ್ಟುಕೊಂಡು ಬರುವುದು ರಿಡಲ್. ಕಪ್ಪು ಜನರ ಚರ್ಚುಗಳ ಹಾಡುಗಳು ಅವರ ಮೂಲಕ ಕಾರ್ಟರ್ ಮನೆಗೆ ಬಂದವು. ರೆಕಾರ್ಡಿನ ಮೇಲೆ ಮಾತ್ರ ಅವರ ಹೆಸರು ಬರಲಿಲ್ಲ. ಒಬ್ಬನೇ ದೇವರಿಗೆ ಹಾಡುವವರು ಕಪ್ಪು ಬಿಳುಪು ಅಂತ ಬೇರೆ ಬೇರೆ ಬೆಂಚಿನಲ್ಲಿ ಕೂರುತ್ತಿದ್ದ ಕಾಲ ಅದು. ಈ ಹಾಡುಗಳನ್ನು ಇಷ್ಟಪಡುವ ನನಗೆ ಅದನ್ನು ಮುಚ್ಚಿಟ್ಟು ಬರೆಯಲು ಮನಸ್ಸು ಬರುವುದಿಲ್ಲ.

ಕೊನೆಗೆ 'ಐಲ್ ಫ್ಲೈ ಅವೇ', ಅಂದರೆ ನಾನು ಹಾರಿಹೋಗುತ್ತೇನೆ ಅನ್ನುವ ಹಾಡು ಹಾಡಿದರು. ಆಲ್ಬರ್ಟ್ ಬ್ರಮ್ಲಿ ಎಂಬುವರಿಗೆ ಹತ್ತಿ ಬಿಡಿಸುವಾಗ ಹೊಳೆದ ಹಾಡಂತೆ. ಸಾವಿನ ಹಾಡೇ, ಆದರೆ ಎಲ್ಲರೂ ಕಾಲು ಕುಣಿಸುತ್ತಾ ಹಾಡುತ್ತಾರೆ. ಅಜ್ಜಿಗೆ ಖುಷಿಯಾಗುತ್ತಿತ್ತು.

ಈಗ ವಿಷಯಕ್ಕೆ ಬರುತ್ತೇನೆ. ಹೊರಡುವಾಗ ಆ ತಾತ ನನ್ನನ್ನು ನಿಲ್ಲಿಸಿ, ಮುಂದಿನ ಸಲ ನಿಮ್ಮ ಭಾಷೆಯಲ್ಲಿ ಒಂದು ಹಾಡಿ ಅಂದರು. 'ವಾಟ್ ಎ ಫ್ರೆಂಡ್ ವಿ ಹ್ಯಾವ್ ಇನ್ ಜೀಸಸ್' ಹಾಡುತ್ತೇನೆ ಅಂತ ಒಪ್ಪಿಕೊಂಡೆ. ಅಜ್ಜಿ ರೊಟ್ಟಿ ಕಾಯಿಸುತ್ತಾ ಕನ್ನಡದಲ್ಲಿ ಹಾಡುತ್ತಿದ್ದದ್ದು ಅದೇ ತಾನೇ? ಅದನ್ನು ಬರೆದ ಜೋಸೆಫ್ ಸ್ಕ್ರಿವನ್ ಐರ್ಲೆಂಡಿನವರು, ಕೆನಡಾದಲ್ಲಿ ಇದ್ದರು. 1855ರಲ್ಲಿ, ದೂರದ ಊರಿನಲ್ಲಿದ್ದ ತಾಯಿಗೆ ಸಮಾಧಾನ ಹೇಳಲು ಬರೆದ ಪದ್ಯವಂತೆ. ಇಷ್ಟು ವರ್ಷ ಹಾಡಿದ್ದು ಒಬ್ಬ ಮಗ ಅಮ್ಮನಿಗೆ ಬರೆದ ಮಾತು ಅಂತ ನನಗೆ ಗೊತ್ತೇ ಇರಲಿಲ್ಲ.

ಮೊದಲ ಎರಡು ಚರಣ ಬಾಯಿಗೆ ಬರುತ್ತದೆ. ಮೂರನೆಯದು ಅರ್ಧಕ್ಕೇ ನಿಲ್ಲುತ್ತದೆ. ಅಜ್ಜಿಯ ಸಂಗೀತ ಪುಸ್ತಕ ದೇವರ ವಾಕ್ಯದ ಬೋರ್ಡಿನ ಕೆಳಗೆ, ಅವರ ಕನ್ನಡಕದ ಪೆಟ್ಟಿಗೆ ಜೊತೆ ಇರಬೇಕು. ಆ ಪುಟಕ್ಕೆ ಎಣ್ಣೆ ಕಲೆ ಇದೆ, ಬೇಗ ಸಿಗುತ್ತದೆ. ಫೋಟೋ ತೆಗೆದು ಕಳಿಸು ಅಮ್ಮ. ಅಜ್ಜಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದದ್ದೂ ಕಾಣುವ ಹಾಗೆ ತೆಗೆ.

ನಿನ್ನ ಮಗಳು