ಬ್ರಾಂಟ್ ರಾಜನಲ್ಲ, ವಯೋಮಿಂಗ್‌ನಲ್ಲಿ ಇರಲೂ ಇಲ್ಲ

ಮಾನ್ಯ ಸಂಪಾದಕರೇ,

ಅಮೆರಿಕದ ಕ್ರಾಂತಿಯಲ್ಲಿ ಬ್ರಿಟಿಷರ ಪರ ಹೋರಾಡಿದ ಮೂಲನಿವಾಸಿ ಮೊಹಾಕ್ ಜನರ ಯುದ್ಧನಾಯಕ ಜೋಸೆಫ್ ಬ್ರಾಂಟ್ ಕುರಿತ ಲೇಖನವನ್ನು ಕಳೆದ ಭಾನುವಾರದ ಪುರವಣಿಯಲ್ಲಿ ಪ್ರಕಟಿಸಿದ್ದೀರಿ. ಅಮೆರಿಕದ ಕ್ರಾಂತಿಯನ್ನು ಅಲ್ಲಿನ ಮೂಲನಿವಾಸಿಗಳ ಕಡೆಯಿಂದ ನೋಡುವ ಬರಹ ಕನ್ನಡದಲ್ಲಿ ಅಪರೂಪ. ಅದಕ್ಕೇ ಅದರಲ್ಲಿನ ತಪ್ಪುಗಳು ಹಾಗೇ ಉಳಿಯಬಾರದು.

ಲೇಖನ ಆತನನ್ನು ‘ಮೊಹಾಕರ ರಾಜ’ ಎನ್ನುತ್ತದೆ. ಮೊಹಾಕರಲ್ಲಿ ರಾಜರೇ ಇರಲಿಲ್ಲ. ಕುಲ ತಾಯಿಯಿಂದ ಬರುತ್ತದೆ. ಪರಂಪರೆಯ ನಾಯಕ ಪದವಿ ಯಾರಿಗೆ ಸಲ್ಲಬೇಕೆಂದು ಕುಲದ ಹಿರಿಯ ಹೆಂಗಸರು ತೀರ್ಮಾನಿಸುತ್ತಾರೆ. ತುಳುನಾಡಿನ ಅಳಿಯಸಂತಾನ ಬಲ್ಲವರಿಗೆ ಇದು ತೀರಾ ಅಪರಿಚಿತವಲ್ಲ. 1743ರಲ್ಲಿ ಹುಟ್ಟಿದ ಥಾಯೆಂಡನೇಗಿಯ (ಬ್ರಾಂಟ್‌ನ ಮೊಹಾಕ್ ಹೆಸರು) ಅಂಥ ಪದವಿಯ ಹಕ್ಕುದಾರನಾಗಿರಲಿಲ್ಲ. ಆತನದು ಯುದ್ಧದ ಮುಂದಾಳತ್ವ: ನಂಬಿ ಬಂದಷ್ಟು ಜನ, ನಂಬಿಕೆ ಇರುವಷ್ಟು ದಿನ. ಮುಂದೆ ಮಗ ಜಾನ್‌ಗೆ ಪದವಿ ಬಂದದ್ದು ಕೂಡ ಅಪ್ಪನಿಂದಲ್ಲ, ತಾಯಿ ಕ್ಯಾಥರೀನಳ ಕಡೆಯಿಂದ. ಬ್ರಿಟಿಷ್ ಅಧಿಕಾರಿ ಸರ್ ವಿಲಿಯಂ ಜಾನ್ಸನ್‌ನೊಂದಿಗೆ ಬಾಳಿದ ಅಕ್ಕ ಮಾಲಿ ಬ್ರಾಂಟ್ ಇಲ್ಲದಿದ್ದರೆ ಬ್ರಾಂಟ್‌ಗೆ ಇಂಗ್ಲಿಷ್ ಶಾಲೆಯೂ ದಕ್ಕುತ್ತಿರಲಿಲ್ಲವೇನೋ. ಲೇಖನದಲ್ಲಿ ಅವಳ ಹೆಸರೇ ಇಲ್ಲ!

ಎರಡನೆಯದು, ಲೇಖನ ಬ್ರಾಂಟ್‌ನ ತಲೆಗೆ ಕಟ್ಟಿದ ವಯೋಮಿಂಗ್ ಕಣಿವೆಯ ಕಾಳಗ, 1778ರ ಜುಲೈ 3. ಈ ಕಣಿವೆ ಇರುವುದು ಪೆನ್ಸಿಲ್ವೇನಿಯಾದಲ್ಲಿ. ನೀವು ನಕ್ಷೆಯಲ್ಲಿ ತೋರಿಸಿದ ಪಶ್ಚಿಮದ ವಯೋಮಿಂಗ್ ರಾಜ್ಯ ಆಗ ಹುಟ್ಟಿಯೇ ಇರಲಿಲ್ಲ. ಅಂದು ಬ್ರಿಟಿಷ್ ಪರ ದಂಡಿನ ಮುಂದಾಳಾಗಿದ್ದವನು ಜಾನ್ ಬಟ್ಲರ್. ಬ್ರಾಂಟ್ ಅಲ್ಲಿರಲಿಲ್ಲ. ಕವಿ ಥಾಮಸ್ ಕ್ಯಾಂಬೆಲ್ 1809ರ ಕಾವ್ಯದಲ್ಲಿ ಆತನನ್ನು ರಾಕ್ಷಸನೆಂದು ಕರೆದದ್ದರಿಂದ ಆ ಕಳಂಕ ಅಂಟಿಕೊಂಡಿತು. ಬ್ರಾಂಟ್‌ನ ಮಗ ಜಾನ್ ಲಂಡನ್ನಿಗೆ ಹೋಗಿ ದಾಖಲೆ ತೋರಿಸಿದ ಮೇಲೆ ಕವಿಯೇ ತಪ್ಪೊಪ್ಪಿಕೊಂಡ. 1778ರ ನವೆಂಬರ್ 11ರಂದು ನ್ಯೂಯಾರ್ಕ್‌ನ ಚೆರ್ರಿ ವ್ಯಾಲಿ ಎಂಬ ಊರಿನ ಮೇಲಿನ ದಾಳಿಯಲ್ಲಿ ಬ್ರಾಂಟ್ ಇದ್ದದ್ದು ನಿಜ, ಸುಮಾರು 30 ಮಂದಿ ನಿರಾಯುಧರು ಸತ್ತದ್ದೂ ನಿಜ. ಆದರೆ ಆ ದಂಡಿನ ಹೊಣೆ ವಾಲ್ಟರ್ ಬಟ್ಲರನದು. ಜೊತೆಗಿದ್ದ ಸೆನೆಕಾ ಎಂಬ ಇನ್ನೊಂದು ಮೂಲನಿವಾಸಿ ಜನಾಂಗದ ಯೋಧರು ಬ್ರಾಂಟ್‌ನ ಮಾತಿಗೆ ಕಟ್ಟುಬಿದ್ದವರಲ್ಲ. ಆತ ಕೆಲವು ಕುಟುಂಬಗಳನ್ನು ಉಳಿಸಿದ, ಎಲ್ಲರನ್ನೂ ಉಳಿಸಲಾಗಲಿಲ್ಲ. ರಾಜನಾಗಿದ್ದರೆ ತಡೆಯಬಹುದಿತ್ತು.

ಇನ್ನು ಲೇಖನ ‘ಬ್ರಿಟಿಷರು ಕೃತಜ್ಞತೆಯಿಂದ ರಾಜ್ಯ ಕೊಟ್ಟರು’ ಎಂದು ಒಂದೇ ಸಾಲಿನಲ್ಲಿ ಮುಗಿಸುತ್ತದೆ. ಅಸಲು ಕಥೆ ಇರುವುದೇ ಇಲ್ಲಿ. ಯುದ್ಧ ಮುಗಿಸಿದ 1783ರ ಪ್ಯಾರಿಸ್ ಒಪ್ಪಂದದಲ್ಲಿ ಮೂಲನಿವಾಸಿ ಮಿತ್ರರ ಬಗ್ಗೆ ಒಂದಕ್ಷರವೂ ಇರಲಿಲ್ಲ. ಬ್ರಾಂಟ್ ಪಟ್ಟು ಹಿಡಿದ ಮೇಲೆ ಕೆನಡಾದ ಬ್ರಿಟಿಷ್ ಗವರ್ನರ್ ಹಾಲ್ಡಿಮಂಡ್ 1784ರ ಅಕ್ಟೋಬರ್ 25ರಂದು, ಮೊಹಾಕರಿಗೂ ಅವರ ಒಕ್ಕೂಟವಾದ ‘ಆರು ರಾಷ್ಟ್ರ’ಗಳ ಜನರಿಗೂ, ಅಲ್ಲಿನ ಗ್ರಾಂಡ್ ನದಿಯ ಎರಡೂ ದಡದಲ್ಲಿ ಆರಾರು ಮೈಲಿ ಅಗಲದ ನೆಲವನ್ನು, ನದೀಮುಖದಿಂದ ಮೂಲದವರೆಗೆ, ಘೋಷಣಾಪತ್ರದ ಮೂಲಕ ಬಿಟ್ಟುಕೊಟ್ಟ. ಸುಮಾರು 9,50,000 ಎಕರೆ. ತೊಡಕು ಆ ಪತ್ರದಲ್ಲೇ ಇತ್ತು. ಅದು ಪಕ್ಕಾ ಹಕ್ಕುಪತ್ರವಲ್ಲ. ನದಿಯ ಮೂಲದ ಭಾಗವನ್ನು ಸರ್ಕಾರ ಅಲ್ಲಿನ ಮೂಲನಿವಾಸಿಗಳಾದ ಮಿಸಿಸಾಗಾ ಜನರಿಂದ ಆಗಿನ್ನೂ ಕೊಂಡೇ ಇರಲಿಲ್ಲ. 1793ರಲ್ಲಿ ಅಲ್ಲಿನ ಬ್ರಿಟಿಷ್ ಆಡಳಿತಗಾರ ಸಿಮ್ಕೋ ಹೊರಡಿಸಿದ ಪತ್ರ ಆ ಭಾಗವನ್ನು ಕೈಬಿಟ್ಟಿತು, ಹೊರಗಿನವರಿಗೆ ಮಾರುವಂತಿಲ್ಲ ಎಂಬ ಷರತ್ತನ್ನೂ ಹಾಕಿತು. ಬ್ರಾಂಟ್ ಅದನ್ನು ಒಪ್ಪಲಿಲ್ಲ. ಬೇಟೆ ಕಡಿಮೆಯಾಗಿದೆ, ಮಾರಾಟದ ಬಡ್ಡಿಯಿಂದ ಜನ ಬದುಕಬೇಕು ಎಂಬುದು ಆತನ ಲೆಕ್ಕ. ಕೊನೆಗೆ 1798ರಲ್ಲಿ ಸುಮಾರು 3,50,000 ಎಕರೆಯ ಆರು ತುಂಡುಗಳ ಮಾರಾಟಕ್ಕೆ ಒಪ್ಪಿಗೆ ಸಿಕ್ಕಿತು. ಕೊಂಡವರಲ್ಲಿ ಹಲವರು ಹಣ ಪೂರ್ತಿ ಕಟ್ಟಲೇ ಇಲ್ಲ. ಎರಡನೇ ತುಂಡು ಕೊಂಡ ರಿಚರ್ಡ್ ಬೀಸ್ಲಿ, ಅಡಮಾನ ತೀರಿಸದೆಯೇ ಮೆನ್ನೊನೈಟ್ ಎಂಬ ಕ್ರೈಸ್ತ ಪಂಥದ ರೈತರಿಗೆ ಜಮೀನು ಮಾರಿದ. ಇಂದು ಕನ್ನಡದ ಹುಡುಗರೂ ಓದುತ್ತಿರುವ ಕೆನಡಾದ ವಾಟರ್ಲೂ ಇರುವುದು ಅದೇ ನೆಲದಲ್ಲಿ. ಆರು ರಾಷ್ಟ್ರಗಳ ಕೈಯಲ್ಲಿ ಈಗ ಉಳಿದಿರುವುದು ಸುಮಾರು 46,000 ಎಕರೆ.

ಹಾಗೆಂದು ಬ್ರಾಂಟ್‌ನನ್ನು ಸಂತನನ್ನಾಗಿಸುವ ಅಗತ್ಯವೂ ಇಲ್ಲ. ಆತ ಕಪ್ಪು ಜನರನ್ನು ಗುಲಾಮರನ್ನಾಗಿ ಇಟ್ಟುಕೊಂಡಿದ್ದ. ಜಮೀನು ಮಾರಾಟದ ಬಗ್ಗೆ ಅವನ ಜನರಲ್ಲೇ ಕಟುವಾದ ವಿರೋಧವಿತ್ತು. ಲೇಖನದಲ್ಲಿ ಇದೂ ಇರಬೇಕಿತ್ತು.

ಕೊನೆಯದಾಗಿ, ನೀವು ‘ವಿಜಯದ ನಂತರ ಬ್ರಾಂಟ್’ ಎಂಬ ಅಡಿಬರಹ ಹಾಕಿದ ಚಿತ್ರವನ್ನು ಜಾರ್ಜ್ ರಾಮ್ನಿ ಬರೆದದ್ದು 1776ರಲ್ಲಿ, ಲಂಡನ್ನಿನಲ್ಲಿ. ಈಗ ಅದು ಒಟ್ಟಾವಾದ ರಾಷ್ಟ್ರೀಯ ಗ್ಯಾಲರಿಯಲ್ಲಿದೆ. ಬ್ರಾಂಟ್ ಹೋರಾಡಿದ ಓರಿಸ್ಕನಿ ಕಾಳಗಕ್ಕೆ ಆಗಿನ್ನೂ ಒಂದು ವರ್ಷವಿತ್ತು. ತಿದ್ದುಪಡಿ ಪ್ರಕಟಿಸುವಾಗ ಅದನ್ನೂ ಸೇರಿಸಿ.

– ಇತಿಹಾಸ ಅಧ್ಯಾಪಕ, ಮೈಸೂರು