ದಪ್ಪ ಬೇಸ್ ಬೇಕಾದರೆ ಹಲಗಿ ಕಾಯಿಸುವವರನ್ನು ನೋಡಿ

ಸಂಪಾದಕರಿಗೆ ನಮಸ್ಕಾರ,

ಈ ಸಲದ ಹೋಳಿ ಹಬ್ಬಕ್ಕೆ ನಮ್ಮ ಓಣಿಯ ಹುಡುಗರು ಹಲಗಿ ಜೊತೆ ತಗ್ಗಿನ ಸ್ವರದ ಬೇಸ್ ಗಿಟಾರ್ ಸೇರಿಸಿ ಒಂದು ಹಾಡು ರೆಕಾರ್ಡ್ ಮಾಡಿದರು. ಹಾಡು ಚಂದ ಇದೆ, ಹಲಗಿ ಪೆಟ್ಟು ಎದೆಗೆ ತಾಗುತ್ತದೆ. ಬೇಸ್ ಮಾತ್ರ ಕೈ ಕೊಟ್ಟಿದೆ. ಹೋಮ್ ಥಿಯೇಟರಿನಲ್ಲಿ ಹಾಕಿದರೆ ಬರೀ ಗುಂಯ್ ಅನ್ನುತ್ತದೆ, ಮೊಬೈಲಿನಲ್ಲಿ ಹಾಕಿದರೆ ಇಲ್ಲವೇ ಇಲ್ಲ. ಇದು ಅವರೊಬ್ಬರ ಗೋಳಲ್ಲ. ಬಾಗಲಕೋಟೆ, ವಿಜಯಪುರ, ಬೆಳಗಾವಿ ಕಡೆ ಈಗ ಅಷ್ಟೊಂದು ಜಾನಪದ ಹಾಡು ರೆಕಾರ್ಡ್ ಆಗುತ್ತಿವೆ, ಬಹಳಷ್ಟರಲ್ಲಿ ಬೇಸ್ ಹೀಗೇ ಇರುತ್ತದೆ. ನಾನು ನವನಗರದ ನಮ್ಮ ಮನೆಯ ಒಂದು ರೂಮಿನಲ್ಲಿ ವರ್ಷಗಳಿಂದ ಬೇಸ್ ರೆಕಾರ್ಡ್ ಮಾಡುತ್ತಾ ಬಂದವನು. ಹುಡುಗರಿಗೆ ತಲುಪಲಿ ಎಂದು ನಿಮ್ಮ ಪತ್ರಿಕೆಗೆ ಬರೆಯುತ್ತಿದ್ದೇನೆ.

ಹಲಗಿ ಬಾರಿಸುವವರನ್ನು ನೋಡಿ. ಮೊದಲು ಬೆಂಕಿ ಹಾಕಿ ಚರ್ಮ ಕಾಯಿಸುತ್ತಾರೆ. ಬೆರಳಲ್ಲಿ ತಟ್ಟಿ ನೋಡುತ್ತಾರೆ, ಸಾಲದಿದ್ದರೆ ಮತ್ತೆ ಕಾಯಿಸುತ್ತಾರೆ. ಬಿಗಿ ಬರುವ ತನಕ ಮೇಳ ಶುರುವಾಗುವುದಿಲ್ಲ. ಬೇಸ್ ಗಿಟಾರಿಗೆ ಬಂದಾಗ ಮಾತ್ರ "ಈಗ ನುಡಿಸಿಬಿಡಿ, ಆಮೇಲೆ ಮಿಕ್ಸಿಂಗಿನಲ್ಲಿ ಸರಿ ಮಾಡೋಣ" ಅನ್ನುತ್ತಾರೆ. ಒಂದು ಸ್ಟುಡಿಯೋದಲ್ಲಿ ನನಗೂ ಹೀಗೆ ಆಗಿದೆ. ನನ್ನ ಗಿಟಾರಿನ ಕೇಬಲನ್ನು ಸೀದಾ ಮಿಕ್ಸರಿನ ಲೈನ್ ಇನ್‌ಪುಟ್‌ಗೆ ಚುಚ್ಚಿದರು. ತಂತಿಯ ಕಂಪನ ಹಿಡಿಯುವ, ಬ್ಯಾಟರಿ ಇಲ್ಲದ ಪಿಕಪ್‌ಗೆ ಅದು ಹೊಂದುವುದಿಲ್ಲ, ಧ್ವನಿ ಸತ್ತು ಬರುತ್ತದೆ. ಗಿಟಾರಿಗೆಂದೇ ಇರುವ ಹೈ-ಝೀ ಇನ್‌ಪುಟ್ ಬೇಕು, ಇಲ್ಲವೇ ನಡುವೆ ಗಿಟಾರಿನ ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಒಂದು ಡಿಐ ಬಾಕ್ಸ್ ಇರಬೇಕು. ಅವತ್ತು ಕಳೆದುಹೋದದ್ದನ್ನು ಆಮೇಲೆ ಕಂಪ್ಯೂಟರಿನ ಯಾವ ಪ್ಲಗಿನ್ನೂ ವಾಪಸ್ ತರಲಿಲ್ಲ.

ದಪ್ಪ ಧ್ವನಿ ಹುಟ್ಟುವುದು ಬೆರಳಲ್ಲಿ. ಗಿಟಾರಿನ ಒಡಲ ಮೇಲೆ ತಂತಿಗಳು ಕೂರುವ ಬ್ರಿಜ್ ಹತ್ತಿರ ಮೀಟಿದರೆ ಬಿಗಿ, ತೆಳು. ಕತ್ತಿನ ಕಡೆಗೆ ಸರಿದು ಮೀಟಿ, ಅದೇ ತಂತಿ ದುಂಡಗಾಗುತ್ತದೆ. ಜೋರಾಗಿ ಹೊಡೆದರೆ ದಪ್ಪ ಬರುತ್ತದೆ ಅಂತ ಹುಡುಗರು ತಿಳಿದಿದ್ದಾರೆ, ಹಾಗಲ್ಲ, ತಂತಿ ಕತ್ತಿನ ಮೇಲಿನ ಲೋಹದ ಪಟ್ಟಿಗೆ, ಅಂದರೆ ಫ್ರೆಟ್‌ಗೆ ಬಡಿದು ಕಟಕಟ ಅನ್ನುತ್ತದೆ ಅಷ್ಟೇ. ಬೆರಳಿನ ಮಾಂಸದ ಭಾಗದಿಂದ ಒಂದೇ ಸಮ ಮೀಟಬೇಕು. 1960ರ ದಶಕದಲ್ಲಿ ಅಮೆರಿಕದ ಡೆಟ್ರಾಯಿಟ್‌ನ ಮೋಟೌನ್ ಎಂಬ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ನುಡಿಸಿದ ಜೇಮ್ಸ್ ಜೇಮರ್ಸನ್ ಬಲಗೈಯ ಒಂದೇ ತೋರುಬೆರಳಿನಿಂದ ನುಡಿಸುತ್ತಿದ್ದರು. ಅವರ ಕೈಯಲ್ಲಿದ್ದದ್ದು 1962ರ ಫೆಂಡರ್ ಪ್ರಿಸಿಷನ್ ಬೇಸ್ ಗಿಟಾರ್, ಅದಕ್ಕೆ ನುಣ್ಣಗಿನ ಫ್ಲಾಟ್‌ವೌಂಡ್ ತಂತಿ. ಆ ತಂತಿಯನ್ನು ಅವರು ಬದಲಿಸುತ್ತಿದ್ದದ್ದೇ ಅಪರೂಪ. ಅಷ್ಟರಲ್ಲೇ ಆ ಧ್ವನಿ. ನಿಮ್ಮ ಹತ್ತಿರ ಫ್ಲಾಟ್‌ವೌಂಡ್ ಇಲ್ಲದಿದ್ದರೆ ಬ್ರಿಜ್ ಹತ್ತಿರ ತಂತಿಯ ಕೆಳಗೆ ಒಂದು ಚೂರು ಸ್ಪಂಜು ತುರುಕಿ, ಟೋನ್ ನಾಬನ್ನು ಅರ್ಧಕ್ಕೆ ಇಳಿಸಿ ನೋಡಿ.

ಇನ್ನು ಕರೆಂಟ್. ಇದನ್ನು ಯಾರೂ ಗಮನಿಸುವುದಿಲ್ಲ. ನಮ್ಮ ಲೈನ್ 50 ಹರ್ಟ್ಸ್, ಅಂದರೆ ಸೆಕೆಂಡಿಗೆ 50 ಕಂಪನ. ಬೇಸಿನ ಎಲ್ಲಕ್ಕಿಂತ ದಪ್ಪದ ಇ ತಂತಿಯ ಮೂರನೇ ಫ್ರೆಟ್‌ನಲ್ಲಿ ಬರುವ ಜಿ ಸ್ವರ 49 ಹರ್ಟ್ಸ್. ಅರ್ಥಿಂಗ್ ಸರಿ ಇಲ್ಲದ ಮನೆಯಲ್ಲಿ ಲೈನಿನ ಗುಂಯ್ ಆ ಸ್ವರದ ಪಕ್ಕದಲ್ಲೇ ಕೂತು, ಸೆಕೆಂಡಿಗೊಮ್ಮೆ ಅದನ್ನು ಏರಿಸಿ ಇಳಿಸಿ ಅಲ್ಲಾಡಿಸುತ್ತದೆ. ಗುಂಯ್ ತೆಗೆಯಲು ಹೋದರೆ ಜಿ ಸ್ವರವೂ ಹೋಗುತ್ತದೆ. ಮೊದಲು ಅರ್ಥಿಂಗ್ ಚೆಕ್ ಮಾಡಿಸಿ, ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ರೆಕಾರ್ಡ್ ಮಾಡಿ.

ರೂಮಿನದೂ ಹಾಗೇ. ಹತ್ತು ಅಡಿ ರೂಮು ಸುಮಾರು 56 ಹರ್ಟ್ಸ್‌ಗೆ ತಾನೇ ಮೊಳಗುತ್ತದೆ, ಬೆರಳು ಒತ್ತದೆ ಬಿಟ್ಟ ಎ ತಂತಿ 55. ಗೋಡೆಗೆ ಒರಗಿ ಕೇಳಿದರೆ ಎ ಮಾತ್ರ ಗುಡುಗುತ್ತದೆ, ನಡುಮಧ್ಯ ಕೂತರೆ ಅದೇ ಎ ಮಾಯ. ನೀವು ಕೂತ ಜಾಗ ನಂಬಿ ಬೇಸ್ ಏರಿಸಿದರೆ ಬೇರೆ ಮನೆಯಲ್ಲಿ ಹಾಡು ಹಾಳಾಗುತ್ತದೆ. ಗೋಡೆಗೆ ಕಂಬಳಿ ಹೊಡೆದರೂ ಅಷ್ಟು ಕೆಳಗಿನ ಧ್ವನಿ ನಿಲ್ಲುವುದಿಲ್ಲ. ಒಳ್ಳೆಯ ಹೆಡ್‌ಫೋನಿನಲ್ಲೂ ಒಮ್ಮೆ ಕೇಳಿ.

ಈಗ ಮೊಬೈಲ್ ವಿಷಯ, ಯಾಕೆಂದರೆ ನಮ್ಮ ಜನ ಹಾಡು ಕೇಳುವುದು ಅದರಲ್ಲೇ ಅಲ್ವಾ? ಬಿಟ್ಟ ಇ ತಂತಿಯ ಮೂಲ ಧ್ವನಿ 41 ಹರ್ಟ್ಸ್. ಅಷ್ಟು ಸಣ್ಣ ಸ್ಪೀಕರಿಗೆ ಅದು ಆಗುವ ಮಾತಲ್ಲ. ಸುಮ್ನೆ 40, 60 ಹರ್ಟ್ಸ್ ಏರಿಸುತ್ತಾ ಹೋದರೆ ದೊಡ್ಡ ಸ್ಪೀಕರಿನಲ್ಲಿ ರಾಡಿ, ಮೊಬೈಲಿನಲ್ಲಿ ಸೊನ್ನೆ. ಆದರೆ ಆ 41ರ ಐದು ಪಟ್ಟು, ಆರು ಪಟ್ಟು, ಏಳು ಪಟ್ಟು ಧ್ವನಿಗಳು ಕೇಳಿಸಿದರೆ ಸಾಕು, ಕೆಳಗಿನ ಮೂಲ ಸ್ವರವನ್ನು ನಮ್ಮ ಕಿವಿಯೇ ತುಂಬಿಕೊಳ್ಳುತ್ತದೆ. ಇದಕ್ಕೊಂದು ದಾರಿ ಇದೆ. ಬೇಸ್ ಟ್ರ್ಯಾಕಿನ ಒಂದು ಕಾಪಿ ಮಾಡಿ, ಅದರಲ್ಲಿ 200 ಹರ್ಟ್ಸ್ ಕೆಳಗಿನದನ್ನೆಲ್ಲ ಕತ್ತರಿಸಿ, ಉಳಿದದ್ದಕ್ಕೆ ಧ್ವನಿ ಒರಟು ಮಾಡುವ ಡಿಸ್ಟಾರ್ಷನ್ ಸ್ವಲ್ಪ ಹಾಕಿ, ಮೂಲ ಟ್ರ್ಯಾಕಿನ ಅಡಿಯಲ್ಲಿ ಮೆಲ್ಲಗೆ ಸೇರಿಸಿ. ಆ ಕಾಪಿ ಒಂದನ್ನೇ ಕೇಳಿದರೆ ಕೆಟ್ಟದಾಗಿರುತ್ತದೆ, ಚಿಂತೆ ಬೇಡ. ಎಲ್ಲದರ ಜೊತೆ ಕೇಳಿ, ಬೇಸ್ ಮೊಬೈಲಿನಲ್ಲೂ ಎದ್ದು ನಿಲ್ಲುತ್ತದೆ.

ಜೋರಾದ ಧ್ವನಿಯನ್ನು ಒತ್ತಿ ಸಮ ಮಾಡುವ ಕಂಪ್ರೆಸರ್ ನಾಲ್ಕಕ್ಕೆ ಒಂದು ಸಾಕು, ಅದು ಒತ್ತಲು ತೆಗೆದುಕೊಳ್ಳುವ ಸಮಯ, ಅಂದರೆ ಅಟ್ಯಾಕ್, 30 ಮಿಲಿಸೆಕೆಂಡ್ ಆಸುಪಾಸು ಇರಲಿ. ಜಾಸ್ತಿ ಒತ್ತಿದರೆ ಬೆರಳಿನ ಪೆಟ್ಟೇ ಸಾಯುತ್ತದೆ. ಆಂಪ್ ಮುಂದೆ ಮೈಕ್ ಇಟ್ಟು, ಗಿಟಾರಿನಿಂದ ಕೇಬಲಿನಲ್ಲೇ ಬರುವ ಡೈರೆಕ್ಟ್ ಲೈನನ್ನೂ ಒಟ್ಟಿಗೆ ತೆಗೆದುಕೊಂಡರೆ ನೆನಪಿಡಿ, ಮೈಕ್ ಒಂದು ಅಡಿ ದೂರ ಇದ್ದರೂ ಅದರ ಧ್ವನಿ ಹತ್ತಿರ ಹತ್ತಿರ ಒಂದು ಮಿಲಿಸೆಕೆಂಡ್ ತಡ. ಎರಡನ್ನೂ ಸುಮ್ನೆ ಕೂಡಿಸಿದರೆ ನಡುವಿನ ಧ್ವನಿ ಟೊಳ್ಳಾಗುತ್ತದೆ. ಸ್ಕ್ರೀನಿನಲ್ಲಿ ಎರಡು ಅಲೆಗಳನ್ನು ಜೂಮ್ ಮಾಡಿ, ತಡವಾದ ಮೈಕ್ ಟ್ರ್ಯಾಕನ್ನು ಎಡಕ್ಕೆ ಎಳೆದು ಸರಿಯಾಗಿ ಕೂಡಿಸಿ.

ಹಲಗಿ ಇರುವ ಹಾಡಿಗೆ ಬೇಸ್ ಕೂಡಿಸುವುದು ನಿಜಕ್ಕೂ ಸುಲಭ. ಹಲಗಿಯದು ಮೇಲಿನ ಧ್ವನಿ, ಕೆಳಗಿನ ಜಾಗ ಬೇಸ್‌ಗೆ ಖಾಲಿ ಇರುತ್ತದೆ. ಭಜನೆ ಪದಕ್ಕೆ ಮಾಡುವಾಗ ಹುಷಾರು, ತಬಲಾದ ಡಗ್ಗಾ ಬೇಸ್ ಇರುವಲ್ಲೇ ಬಂದು ಕೂರುತ್ತದೆ. ಅಲ್ಲಿ ಡಗ್ಗಾ ಮಾತಾಡುವಾಗ ಬೇಸ್ ಸುಮ್ಮನಿರಬೇಕು, ಇದು ನುಡಿಸುವವರೇ ಮಾಡಬೇಕಾದ ಕೆಲಸ.

ಸ್ಟುಡಿಯೋಗೆ ಹೋಗುವ ಹುಡುಗರಿಗೆ ಒಂದೇ ಮಾತು. ಏನೂ ಎಫೆಕ್ಟ್ ಇಲ್ಲದ ಬೇಸಿನ ಡೈರೆಕ್ಟ್ ಟ್ರ್ಯಾಕನ್ನು ಬೇರೆಯಾಗಿ ರೆಕಾರ್ಡ್ ಮಾಡಿಸಿ, ಅಲ್ಲೇ ಹೆಡ್‌ಫೋನ್ ಹಾಕಿ ಕೇಳಿ. ಅದು ತೆಳು ಅನ್ನಿಸಿದರೆ ಅವತ್ತೇ ಮತ್ತೆ ನುಡಿಸಿ. ಸರಿ ಅನ್ನಿಸಿದರೆ ಆ ಫೈಲನ್ನು ಪೆನ್‌ಡ್ರೈವಿಗೆ ಹಾಕಿಸಿಕೊಂಡೇ ಮನೆಗೆ ಬನ್ನಿ.

ಇಂತಿ,
ಒಬ್ಬ ಬೇಸ್ ವಾದಕ
ನವನಗರ, ಬಾಗಲಕೋಟೆ