ದೇವಯ್ಯನವರ ಕಥೆ ಹೇಳುವ ಓದುವ ಕೋಣೆಗೆ ನೆರವಾಗಿ

ಮಾನ್ಯರೇ, ಹಳೆಯ ವಿದ್ಯಾರ್ಥಿಗಳೇ,

ಮಡಿಕೇರಿಗೆ ಹೋಗಿಬರುವ ನಮ್ಮ ಶಾಲೆಯ ಮಕ್ಕಳು ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರ ಪ್ರತಿಮೆಯನ್ನು ಕಂಡಿದ್ದಾರೆ. ಅವರು ಮಾಡಿದ್ದೇನು ಎಂದು ಎಂಟನೆಯ ತರಗತಿಯಲ್ಲಿ ಕೇಳಿದರೆ, ‘ಯುದ್ಧದಲ್ಲಿ ತೀರಿಕೊಂಡರು’ ಎನ್ನುವುದರಾಚೆಗೆ ಉತ್ತರ ಬರಲಿಲ್ಲ. ತಪ್ಪು ಮಕ್ಕಳದಲ್ಲ, ನಾವು ಹೇಳಿಕೊಟ್ಟಿರಲಿಲ್ಲ.

1932ರಲ್ಲಿ ಹುಟ್ಟಿದ ದೇವಯ್ಯ 1954ರಲ್ಲಿ ವಾಯುಪಡೆಯ ಪೈಲಟ್ ಆದರು. 1965ರ ಸೆಪ್ಟೆಂಬರ್ 7ರಂದು ಪಂಜಾಬಿನ ಆದಂಪುರದಿಂದ ನಮ್ಮ ಹನ್ನೆರಡು ಮಿಸ್ಟೇರ್ ಯುದ್ಧವಿಮಾನಗಳು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲೆ ದಾಳಿ ಮಾಡಬೇಕಿತ್ತು. ಆ ಹನ್ನೆರಡರಲ್ಲಿ ದೇವಯ್ಯ ಇರಲಿಲ್ಲ. ಯಾರಾದರೂ ಹಿಂದುಳಿದರೆ ಹೋಗಲೆಂದು ಸಿದ್ಧವಾಗಿದ್ದವರು ಅವರು. ಹಾಗೆ ತೆರವಾದ ಜಾಗಕ್ಕೇ ಹಾರಿದರು. ಅಲ್ಲಿ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಎದುರಾಯಿತು. ಶಬ್ದದ ಇಮ್ಮಡಿ ವೇಗದ ಆ ವಿಮಾನಕ್ಕೆ ಮಿಸ್ಟೇರ್ ಯಾವ ಲೆಕ್ಕದಲ್ಲೂ ಸಾಟಿಯಲ್ಲ. ಆದರೂ ಗುಂಡೇಟು ತಿಂದ ವಿಮಾನದಲ್ಲೇ ತಿರುಗಿ ನಿಂತು ದೇವಯ್ಯ ಅದನ್ನು ಹೊಡೆದುರುಳಿಸಿದರು. ಅದರ ಪೈಲಟ್ ಪ್ಯಾರಾಚೂಟ್ ಹಿಡಿದು ಇಳಿದು ಬದುಕಿದ. ದೇವಯ್ಯ ಮರಳಲಿಲ್ಲ, ಅಲ್ಲಿನ ಹಳ್ಳಿಯವರೇ ಅವರನ್ನು ಮಣ್ಣು ಮಾಡಿದರು.

ನಮ್ಮವರು ಯಾರೂ ಆ ಕಾಳಗವನ್ನು ಕಂಡಿರಲಿಲ್ಲ. ವರ್ಷಗಟ್ಟಲೆ ಅವರು ಕೇವಲ ‘ಕಾಣೆಯಾದವರು’. ಇದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ. ವಿದೇಶಿ ಲೇಖಕರೊಬ್ಬರ ಪುಸ್ತಕದಿಂದ ಸುಳಿವು ಸಿಕ್ಕ ಮೇಲೆ, ಅಂದು ದಾಳಿಯ ಮುಂದಾಳಾಗಿದ್ದ ಓ.ಪಿ. ತನೇಜಾ ಘಟನೆಗಳನ್ನು ಒಂದಕ್ಕೊಂದು ತಾಳೆ ಹಾಕಿ, ಆ ಸಾಹಸ ದೇವಯ್ಯನವರದ್ದೇ ಎಂದು ವಾಯುಪಡೆಗೆ ಮನಗಾಣಿಸಿದರು. ಮಹಾವೀರ ಚಕ್ರ ಘೋಷಣೆಯಾದದ್ದು 1988ರಲ್ಲಿ. ಅದನ್ನು ಸ್ವೀಕರಿಸಿದವರು ಪತ್ನಿ ಸುಂದರಿ.

ನಮ್ಮ ಶಾಲೆಯ ಹಳೆಯ ಉಗ್ರಾಣವನ್ನು ಅವರ ಹೆಸರಿನ ಓದುವ ಕೋಣೆಯಾಗಿಸಲು ಹೊರಟಿದ್ದೇವೆ. ಹೆಂಚು ಬದಲಿಸಬೇಕು, ಮಳೆಗಾಲಕ್ಕೆ ಗೋಡೆ ಒಸರದಂತೆ ಸುಣ್ಣಬಣ್ಣವಾಗಬೇಕು, ಗಾಜಿನ ಬಾಗಿಲಿನ ಕಪಾಟುಗಳು ಬೇಕು. ಒಂದು ಗೋಡೆಗೆ ಆದಂಪುರದಿಂದ ಸರ್ಗೋಧಾದವರೆಗಿನ ದೊಡ್ಡ ನಕ್ಷೆ, ನಡುವೆ ಮಿಸ್ಟೇರ್‌ನ ಮರದ ಮಾದರಿ. ಮಾದರಿಯನ್ನು ಮಕ್ಕಳೇ ಮಾಡುತ್ತಾರೆ, ಊರಿನ ಬಡಗಿಯೊಬ್ಬರು ಕೂಲಿಯಿಲ್ಲದೆ ಕಲಿಸಲು ಒಪ್ಪಿದ್ದಾರೆ.

ಒಟ್ಟು ಖರ್ಚು 1,80,000 ರೂಪಾಯಿ. ಶಿಕ್ಷಕರು ಮತ್ತು ಪೋಷಕರಿಂದ 65,000 ಸೇರಿದೆ. ಉಳಿದದ್ದಕ್ಕೆ ನಿಮ್ಮನ್ನು ಕೇಳುತ್ತಿದ್ದೇವೆ. ನೂರು ರೂಪಾಯಿಯಾದರೂ ಸರಿ, ಶಾಲೆಯ ಕಚೇರಿಯಲ್ಲಿ ಕೊಟ್ಟು ರಸೀದಿ ಪಡೆಯಿರಿ. ಹಣದ ಬದಲು ಹೆಂಚು, ಮರ, ವಾಯುಪಡೆಯ ಕುರಿತ ಪುಸ್ತಕ ಕೊಟ್ಟರೂ ಸಂತೋಷ. ನಿವೃತ್ತ ಸೈನಿಕರು ಒಂದು ಶನಿವಾರ ಬಂದು ಮಕ್ಕಳೊಡನೆ ಮಾತನಾಡಿದರೆ ಅದನ್ನೂ ದೇಣಿಗೆಯೆಂದೇ ಬರೆದುಕೊಳ್ಳುತ್ತೇವೆ. ಬರುವ ಸೆಪ್ಟೆಂಬರ್ 7ರ ಬೆಳಿಗ್ಗೆ ಕೋಣೆಯ ಬಾಗಿಲು ತೆರೆಯಬೇಕೆಂದಿದ್ದೇವೆ, ದಯವಿಟ್ಟು ಆಗಸ್ಟ್ ಮುಗಿಯುವುದರೊಳಗೆ ತಲುಪಿಸಿ.

ಶಾಲೆಯ ಆಡಳಿತ ಮಂಡಳಿಯ ಪರವಾಗಿ,
ಮುಖ್ಯೋಪಾಧ್ಯಾಯರು